ಕಿವಿಗಾಗಿ ಕಾಯದ ಭಾಷೆ: ಶ್ರವಣ ದೋಷವಿರುವ ಒಂದು ಮಗುವಿನ ಮೊದಲ ಎರಡು ವರ್ಷ

ಹೆಣ್ಣು ಮಗು. ದಿನ ತುಂಬಿ ಹುಟ್ಟಿದ್ದಳು, ತೂಕ ಸರಿಯಾಗಿತ್ತು, ಹುಟ್ಟಿದ ಕೂಡಲೇ ಅತ್ತಿದ್ದಳು. ತಂದೆಯ ಕಡೆಯಾಗಲಿ ತಾಯಿಯ ಕಡೆಯಾಗಲಿ ಕಿವಿ ಕೇಳದವರು ಯಾರೂ ಇಲ್ಲ. ಈ ಬರಹದಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ನಡೆದ, ಸದ್ದಿಗೆ ಒಳಕಿವಿ ಮರಳಿಸುವ ಸಣ್ಣ ದನಿಯನ್ನು ಅಳೆಯುವ ಓಎಇ ತಪಾಸಣೆಯಲ್ಲಿ ಎರಡೂ ಕಿವಿಗಳಿಂದ ಪ್ರತಿಕ್ರಿಯೆ ಬರಲಿಲ್ಲ. ನವಜಾತ ಶಿಶುವಿನ ಕಿವಿಯಲ್ಲಿ ದ್ರವ ಉಳಿದಿದ್ದರೂ ಹೀಗಾಗುತ್ತದೆ, ಆದ್ದರಿಂದ ತಿಂಗಳು ಬಿಟ್ಟು ಮತ್ತೆ ಕರೆಸಿದರು. ಎರಡನೆಯ ಸಲವೂ ಅದೇ ಫಲಿತಾಂಶ. ಮುಂದಿನ ವಿವರವಾದ ಪರೀಕ್ಷೆಗೆ ಹೋಗಲು ಮನೆಯವರು ಹಿಂದೆ ಮುಂದೆ ನೋಡಿದರು. ಬಾಗಿಲು ದಢಾರನೆ ಬಡಿದಾಗ ಮಗು ಬೆಚ್ಚಿಬೀಳುತ್ತಿತ್ತು. ಕೇಳದಿದ್ದರೆ ಬೆಚ್ಚುತ್ತದೆಯೇ ಎಂಬುದು ಅವರ ವಾದ. ಈ ವಾದವನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಎಷ್ಟೋ ಮಕ್ಕಳ ಅಮೂಲ್ಯವಾದ ತಿಂಗಳುಗಳು ಇದರಿಂದಲೇ ಕಳೆದುಹೋಗಿವೆ. ಬಾಗಿಲ ಬಡಿತ ಬಹಳ ಜೋರಾದ ಸದ್ದು, ಜೊತೆಗೆ ಅದರ ಕಂಪನ ನೆಲದ ಮೂಲಕ, ಹಾಸಿಗೆಯ ಮೂಲಕ ಮೈಗೂ ತಾಗುತ್ತದೆ. ಒಂದು ಮೀಟರ್ ದೂರದಿಂದ ಆಡುವ ಸಾಮಾನ್ಯ ಮಾತಾದರೋ ಸುಮಾರು 60 ಡೆಸಿಬೆಲ್ ಅಷ್ಟೇ. ಬಡಿತಕ್ಕೆ ಬೆಚ್ಚುವ ಮಗುವಿಗೆ ಮಾತಿನ ಒಂದಕ್ಷರವೂ ತಲುಪದೇ ಇರಬಹುದು. ಚಪ್ಪಾಳೆ ತಟ್ಟಿ, ಪಾತ್ರೆ ಬಡಿದು ಮನೆಯಲ್ಲಿ ಮಾಡುವ ಪರೀಕ್ಷೆಯನ್ನು ದಯವಿಟ್ಟು ಯಾರೂ ನಂಬಬಾರದು.

ಕೊನೆಗೆ ನಾಲ್ಕನೆಯ ತಿಂಗಳಲ್ಲಿ ಬೇರಾ ಪರೀಕ್ಷೆ ನಡೆಯಿತು. ಮಗು ನಿದ್ದೆಯಲ್ಲಿರುವಾಗ ಹಣೆಗೂ ಕಿವಿಯ ಹಿಂಭಾಗಕ್ಕೂ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಶ್ರವಣ ನರ ಮತ್ತು ಮಿದುಳುಕಾಂಡದಿಂದ ಬರುವ ಅಲೆಗಳನ್ನು ದಾಖಲಿಸುವ ಪರೀಕ್ಷೆ ಇದು. ಬಲಗಿವಿಯಲ್ಲಿ 75 ಡೆಸಿಬೆಲ್‌ನಿಂದ, ಎಡಗಿವಿಯಲ್ಲಿ 85 ಡೆಸಿಬೆಲ್‌ನಿಂದ ಮೇಲಕ್ಕೆ ಮಾತ್ರ ಅಲೆಗಳು ಕಂಡವು. ಮಧ್ಯಕಿವಿ ಸರಿಯಾಗಿತ್ತು. ಅಂದರೆ ಒಳಕಿವಿಗೆ ಸಂಬಂಧಿಸಿದ, ಎರಡೂ ಕಡೆಯ ತೀವ್ರ ಶ್ರವಣ ದೋಷ.

ಒಂದು ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ನಿರ್ಣಯ, 6 ತಿಂಗಳೊಳಗೆ ನೆರವಿನ ಆರಂಭ ಎಂಬುದು ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ಒಪ್ಪಿಕೊಂಡ ಗಡುವು. ಎರಡನೆಯದನ್ನು ಪುಟ್ಟಿ ದಾಟಿದ್ದಳು, ಮೂರನೆಯದು ಇನ್ನೂ ಕೈಯಲ್ಲಿತ್ತು. ಆ ಮೂರನೆಯದೇ ಮುಖ್ಯ. ಕ್ರಿಸ್ಟೀನ್ ಯೊಶಿನಾಗಾ-ಇಟಾನೊ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ ತಡವಾಗಿ ಪತ್ತೆಯಾದ ಮಕ್ಕಳಿಗಿಂತ ಗಮನಾರ್ಹವಾಗಿ ಮುಂದಿತ್ತು. ದೋಷ ಅಲ್ಪವಿರಲಿ ತೀವ್ರವಿರಲಿ, ಮನೆಯವರು ಬಳಸುವುದು ಮಾತಿರಲಿ ಸನ್ನೆಯಿರಲಿ, ಆ ವ್ಯತ್ಯಾಸ ಉಳಿದಿತ್ತು.

ಮೌನವಾಗಿದ್ದ ಮನೆ

ನಾನು ವಾಕ್ ಮತ್ತು ಭಾಷಾ ಚಿಕಿತ್ಸಕಿ. ಬೇರಾ ವರದಿ ಬಂದ ಕೆಲವೇ ದಿನಗಳಲ್ಲಿ ತಾಯಿ, ತಂದೆ, ಅಜ್ಜಿ ಮೂವರೂ ಮಗುವನ್ನು ಎತ್ತಿಕೊಂಡು ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಇವಳು ಮಾತನಾಡುತ್ತಾಳಾ ಮೇಡಂ?"

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವುದು ನಾಲ್ಕು ತಿಂಗಳ ಮಗುವಿನ ವಿಷಯದಲ್ಲಿ ಸಾಧ್ಯವೂ ಇಲ್ಲ, ಸರಿಯೂ ಅಲ್ಲ. ಅವಳಿಗೆ ಭಾಷೆ ಬರುತ್ತದೆ, ಅದು ಬರುವಂತೆ ಮಾಡುವುದು ನಮ್ಮೆಲ್ಲರ ಕೆಲಸ, ಆ ಕೆಲಸ ಇವತ್ತೇ ಶುರುವಾಗಬೇಕು ಎಂದು ಹೇಳಿದೆ. ಬಳಿಕ ನಾನೊಂದು ಪ್ರಶ್ನೆ ಕೇಳಿದೆ: ವರದಿ ಬಂದ ಮೇಲೆ ಮನೆಯಲ್ಲಿ ಏನು ಬದಲಾಗಿದೆ? ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅಜ್ಜಿಯೇ ಹೇಳಿದರು. ಮೊದಲೆಲ್ಲ ಮಗಳು ಮಗುವಿನ ಜೊತೆ ಹಗಲಿಡೀ ಮಾತನಾಡುತ್ತಿದ್ದಳು, ಹಾಡುತ್ತಿದ್ದಳು. ಈಗ ಬಟ್ಟೆ ಬದಲಿಸುವಾಗಲೂ ತುಟಿ ಬಿಚ್ಚುವುದಿಲ್ಲ. "ಕೇಳುವುದೇ ಇಲ್ಲವಲ್ಲ, ಯಾರಿಗೆಂದು ಹೇಳಲಿ?" ಎಂದು ತಾಯಿ ತಲೆ ತಗ್ಗಿಸಿದರು.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಆತಂಕ ತಂದ ಸಂಗತಿ ಇದೇ, ಡೆಸಿಬೆಲ್ ಲೆಕ್ಕವಲ್ಲ. ಮಾತು ನಿಂತಾಗ ಅದರೊಂದಿಗೆ ಮುಖದ ಆಟವೂ ನಿಲ್ಲುತ್ತದೆ. ಹುಬ್ಬು ಏರುವುದು, ಕಣ್ಣು ಅರಳುವುದು, ತಲೆ ಬಾಗಿಸುವುದು, ಮಗುವಿನ ಉತ್ತರಕ್ಕೆಂದು ತಡೆದು ನಿಲ್ಲುವುದು ಎಲ್ಲವೂ ಒಟ್ಟಿಗೇ ಮರೆಯಾಗುತ್ತವೆ. ಕಿವಿ ಕೇಳಿಸದ ಮಗುವಿಗೆ ಅದುವರೆಗೆ ಯಾವ ಕೊರತೆಯೂ ಇಲ್ಲದೆ ದಕ್ಕುತ್ತಿದ್ದ ಭಾಗ ಅದೊಂದೇ. ನಾಲ್ಕು ತಿಂಗಳ ಯಾವ ಮಗುವೂ ಪದಗಳಿಂದ ಸಂವಾದ ಮಾಡುವುದಿಲ್ಲ. ನೀನು ಒಮ್ಮೆ, ನಾನು ಒಮ್ಮೆ ಎಂಬ ಸರದಿಯನ್ನು ಅದು ಮೊದಲು ಕಲಿಯುತ್ತದೆ, ಅದಕ್ಕೆ ಕಣ್ಣು ಸಾಕು. ಪದಗಳು ಆಮೇಲೆ ಆ ಸರದಿಯೊಳಗೆ ಬಂದು ಕೂರುತ್ತವೆ.

ಅಪರಾಧಿ ಭಾವವೂ ಮನೆಯಲ್ಲಿ ಬೇರು ಬಿಟ್ಟಿತ್ತು. ಗರ್ಭಿಣಿಯಾಗಿದ್ದಾಗ ಗದ್ದಲದ ಜಾಗಕ್ಕೆ ಹೋಗಿದ್ದೇ ಕಾರಣವಿರಬೇಕು ಎಂದು ತಾಯಿ ನಂಬಿದ್ದರು. ನಮ್ಮ ಕಡೆ ಯಾರಿಗೂ ಇಲ್ಲ ಎಂದು ತಂದೆ ಹೇಳಿದಾಗಲೆಲ್ಲ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಮುಂದೆ ವಂಶವಾಹಿ ಪರೀಕ್ಷೆಯಲ್ಲಿ ಕನೆಕ್ಸಿನ್ 26 ಎಂಬ ಪ್ರೋಟೀನಿಗೆ ಸಂಬಂಧಿಸಿದ ಬದಲಾವಣೆ ಸಿಕ್ಕಿತು. ಹುಟ್ಟಿನಿಂದ ಬರುವ ಆನುವಂಶಿಕ ಕಿವುಡುತನಕ್ಕೆ ಬಹಳ ಸಾಮಾನ್ಯವಾದ ಕಾರಣ ಅದು. ಆ ವಂಶವಾಹಿಯ ಬದಲಾದ ಒಂದು ಪ್ರತಿ ತಾಯಿಯಲ್ಲಿ, ಒಂದು ಪ್ರತಿ ತಂದೆಯಲ್ಲಿ ಇತ್ತು. ಬದಲಾದ ಪ್ರತಿ ಒಂದೇ ಇದ್ದವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಎರಡೂ ಒಂದೇ ಮಗುವಿಗೆ ಬರುವ ಸಾಧ್ಯತೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಶ್ರವಣ ದೋಷವಿರುವ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೇ. ಇದನ್ನು ಚಿತ್ರ ಬರೆದು ವಿವರಿಸಿದಾಗ ತಂದೆ ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದರು. ಅಂದಿನಿಂದ ಮನೆಯಲ್ಲಿ ಯಾರ ಕಡೆಯಿಂದ ಬಂತು ಎಂಬ ಮಾತು ಏಳಲಿಲ್ಲ.

ಕಿವಿಯಲ್ಲಿ ನಿಲ್ಲದ ಸಾಧನ

ಐದನೆಯ ತಿಂಗಳಲ್ಲಿ ಎರಡೂ ಕಿವಿಗಳಿಗೆ ಶ್ರವಣ ಸಾಧನ ಬಂತು. ಶಿಶುವಿನ ಕಿವಿನಾಳ ತೀರಾ ಪುಟ್ಟದು. ಅದೇ ಸದ್ದು ದೊಡ್ಡವರ ಕಿವಿಗಿಂತ ಅಲ್ಲಿ ಹೆಚ್ಚು ಜೋರಾಗಿ ತುಂಬಿಕೊಳ್ಳುತ್ತದೆ. ಅದಕ್ಕಾಗಿ ಶ್ರವಣ ತಜ್ಞರು ಮಗುವಿನ ಕಿವಿಯೊಳಗೇ ಸಣ್ಣ ಕೊಳವೆ ಇಟ್ಟು ಅಳೆದು ಸಾಧನವನ್ನು ಹೊಂದಿಸಿದರು.

ಕೆಲವು ವಾರಗಳ ನಂತರ ಸಾಧನದ ಒಳಗಿನ ದಾಖಲೆಯನ್ನು ತೆಗೆದು ನೋಡಿದಾಗ ದಿನಕ್ಕೆ ಸರಾಸರಿ ಮೂರು ಗಂಟೆ ಮಾತ್ರ ಬಳಕೆಯಾಗಿತ್ತು. ಯಾರನ್ನೂ ದೂರುವ ಪ್ರಶ್ನೆಯೇ ಇಲ್ಲ, ಕಾರಣಗಳೆಲ್ಲ ನಿಜವಾದವೇ. ಎದೆಹಾಲು ಕುಡಿಸುವಾಗ ಕಿವಿ ತಾಯಿಯ ಮೈಗೆ ಒತ್ತಿ ಸಾಧನ ಕುಯ್ಯೆಂದು ಸಿಳ್ಳೆ ಹಾಕುತ್ತಿತ್ತು, ತಾಯಿ ತೆಗೆದಿಡುತ್ತಿದ್ದರು, ಮತ್ತೆ ಹಾಕುವಷ್ಟರಲ್ಲಿ ಮಗು ನಿದ್ದೆಗೆ ಜಾರುತ್ತಿತ್ತು. ಎಚ್ಚರವಿದ್ದಾಗ ಪುಟ್ಟಿ ಅದನ್ನು ಕಿತ್ತು ನೇರವಾಗಿ ಬಾಯಿಗೆ ಒಯ್ಯುತ್ತಿದ್ದಳು. "ಇಷ್ಟು ಎಳೆಯ ಕಿವಿಗೆ ಇಷ್ಟು ಭಾರ ಯಾಕಮ್ಮ?" ಎಂದು ಅಜ್ಜಿ ಮಧ್ಯಾಹ್ನಗಳಲ್ಲಿ ಬಿಚ್ಚಿಡುತ್ತಿದ್ದರು.

ಪರಿಹಾರಗಳು ಚಿಕ್ಕವು. ಸಿಳ್ಳೆಗೆ ಮುಖ್ಯ ಕಾರಣ ಸಾಧನವನ್ನು ಕಿವಿಯಲ್ಲಿ ಕೂರಿಸುವ ಅಚ್ಚು ಸಡಿಲವಾಗಿದ್ದದ್ದು. ಮಗುವಿನ ಕಿವಿ ಎಷ್ಟು ಬೇಗ ಬೆಳೆಯುತ್ತದೆಂದರೆ ಮೊದಲ ವರ್ಷದಲ್ಲಿ ಅಚ್ಚನ್ನು ಮೇಲಿಂದ ಮೇಲೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಹೊಸ ಅಚ್ಚು ಬಂದ ಮೇಲೆ ಹಾಲು ಕುಡಿಸುವ ಭಂಗಿಯನ್ನು ಸ್ವಲ್ಪ ಬದಲಿಸಿ ಮೇಲಿನ ಕಿವಿಯ ಸಾಧನವನ್ನಾದರೂ ಉಳಿಸಿಕೊಂಡೆವು. ಸಾಧನಕ್ಕೆ ದಾರ ಕಟ್ಟಿ ಬೆನ್ನ ಹಿಂದೆ ಅಂಗಿಗೆ ಕ್ಲಿಪ್ ಹಾಕಿದೆವು, ತೆಳುವಾದ ಟೋಪಿ ತೊಡಿಸಿದೆವು. ಬ್ಯಾಟರಿಯ ಬಾಗಿಲಿಗೆ ಬೀಗವಿದೆಯೇ ಎಂದು ನೋಡಿಕೊಳ್ಳುವುದನ್ನು ನಾನು ಪಟ್ಟು ಹಿಡಿದು ಹೇಳುತ್ತೇನೆ; ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಕ್ಕೇ ಅಪಾಯ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಜ್ಜಿಗೆ ಬುದ್ಧಿ ಹೇಳುವ ಬದಲು ಒಂದು ಹೊಣೆ ಒಪ್ಪಿಸಿದೆವು: ಬೆಳಗ್ಗೆ ಮಗು ಎದ್ದೊಡನೆ ಸಾಧನಕ್ಕೆ ಜೋಡಿಸಿ ಕೇಳುವ ಕೊಳವೆಯಿಂದ ಅದರ ಸದ್ದನ್ನು ತಾವೇ ಕೇಳಿ ನೋಡಿ, ಆಮೇಲೆ ತೊಡಿಸುವುದು ಅವರ ಕೆಲಸ. ಏಳನೆಯ ತಿಂಗಳ ಹೊತ್ತಿಗೆ ದಿನದ ಬಳಕೆ ಎಂಟು ಗಂಟೆ ದಾಟಿತು. ಆ ವಯಸ್ಸಿನ ಮಗು ಎಚ್ಚರವಿರುವುದೇ ಹೆಚ್ಚುಕಡಿಮೆ ಅಷ್ಟು ಹೊತ್ತು.

ನೋಟದ ಸರದಿ

ತಾಯಿ ಮತ್ತು ಮಗು ಆಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಒಟ್ಟಿಗೆ ಕುಳಿತು ನೋಡುವುದು ನನ್ನ ಕೆಲಸದ ಕ್ರಮ. ಆರನೆಯ ತಿಂಗಳ ಒಂದು ತುಣುಕು ಹೀಗಿದೆ. ಪುಟ್ಟಿ ಚಾಪೆಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಾಳೆ, ಎದುರಿಗೊಂದು ಕೆಂಪು ಚೆಂಡು. ಅವಳ ಕಣ್ಣು ಚೆಂಡಿನ ಮೇಲಿದೆ. ಪಕ್ಕದಲ್ಲಿ ಕುಳಿತ ತಾಯಿ "ಚೆಂಡು, ನೋಡು ಚೆಂಡು, ಕೆಂಪು ಚೆಂಡು, ಅಮ್ಮನನ್ನು ನೋಡು" ಎನ್ನುತ್ತಿದ್ದಾರೆ. ಮಗು ತಿರುಗುವುದಿಲ್ಲ. ತಾಯಿ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆಗೆ ತಿರುಗಿಸುತ್ತಾರೆ. ಚೆಂಡು ಕಣ್ಮರೆಯಾದೊಡನೆ ಮಗು ಮುಖ ಸಿಂಡರಿಸಿ ಮತ್ತೆ ಅತ್ತ ತಿರುಗುತ್ತದೆ. ತಾಯಿ ಚೆಂಡನ್ನು ಎತ್ತಿ ಕಣ್ಣ ಮುಂದೆ ಬೇಗ ಬೇಗ ಆಡಿಸುತ್ತಾರೆ, ಮಾತೂ ಬೇಗ ಬೇಗ. ಪುಟ್ಟಿ ಗೋಡೆ ನೋಡತೊಡಗುತ್ತಾಳೆ.

ಆ ತಾಯಿ ತಮ್ಮ ಜೀವವನ್ನೇ ಪಣಕ್ಕಿಟ್ಟು ಮಾಡುತ್ತಿದ್ದ ಪ್ರಯತ್ನ ಅದು. ಆದರೆ ಅಲ್ಲಿ ಏನಾಗುತ್ತಿದೆ ಎಂದು ಮಗುವಿನ ಕಡೆಯಿಂದ ನೋಡಬೇಕು. ಕೇಳುವ ಮಗು ಚೆಂಡನ್ನು ನೋಡುತ್ತಿರುವಾಗಲೇ "ಚೆಂಡು" ಎಂಬ ಪದ ಕಿವಿಗೆ ಬೀಳುತ್ತದೆ. ವಸ್ತು ಮತ್ತು ಹೆಸರು ಒಂದೇ ಗಳಿಗೆಯಲ್ಲಿ ಬೆಸೆದುಕೊಳ್ಳುತ್ತವೆ. ಪುಟ್ಟಿಗೆ ವಸ್ತು ನೋಡಲೂ ಕಣ್ಣೇ ಬೇಕು, ಅಮ್ಮನ ತುಟಿ, ಮುಖ, ಕೈ ನೋಡಲೂ ಕಣ್ಣೇ ಬೇಕು. ಎರಡನ್ನೂ ಒಂದೇ ಗಳಿಗೆಯಲ್ಲಿ ನೋಡಲಾಗದು. ಮೊದಲು ಇದು, ಆಮೇಲೆ ಅದು ಎಂದು ನೋಟವನ್ನು ಹಂಚಿಕೊಳ್ಳುವುದನ್ನು ಅವಳು ಕಲಿಯಬೇಕು. ಆರು ತಿಂಗಳ ಮಗುವಿಗೆ ಅದಿನ್ನೂ ಬರುವುದಿಲ್ಲ, ಆದ್ದರಿಂದ ಸದ್ಯಕ್ಕೆ ಆ ಹೊಂದಾಣಿಕೆ ದೊಡ್ಡವರ ಪಾಲಿನದು.

ಈ ಕಲೆಯನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರಿದ್ದರು. ಹುಟ್ಟಿನಿಂದ ಕಿವುಡರಾದ, ಸನ್ನೆ ಭಾಷೆಯಲ್ಲೇ ಬೆಳೆದು ಸನ್ನೆ ಭಾಷೆಯಲ್ಲೇ ತಮ್ಮ ಮಕ್ಕಳನ್ನು ಬೆಳೆಸಿದ ಒಬ್ಬ ಮಹಿಳೆಯನ್ನು ಮನೆಗೆ ಬರುವಂತೆ ಕೇಳಿಕೊಂಡಿದ್ದೆ. ಮನೆಯವರು ಅವರನ್ನು ಅಕ್ಕ ಎಂದೇ ಕರೆದರು. ಕಿವುಡ ತಾಯಂದಿರು ತಮ್ಮ ಶಿಶುಗಳೊಡನೆ ಸಹಜವಾಗಿ ಮಾಡುವುದನ್ನು ಅಕ್ಕ ಮಾಡಿ ತೋರಿಸಿದರು. ಪಕ್ಕದಿಂದ ಎದ್ದು ಮಗುವಿನ ಎದುರಿಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಬಂದು ನೆಲದಲ್ಲೇ ಅಡ್ಡಾದರು. ಪುಟ್ಟಿ ಚೆಂಡು ನೋಡುತ್ತಿದ್ದಾಗ ಸುಮ್ಮನಿದ್ದರು. ಆಮೇಲೆ ಚೆಂಡಿನ ಪಕ್ಕದಲ್ಲೇ, ಅವಳ ನೋಟದೊಳಗೇ ಕೈ ತಂದು ಚೆಂಡಿನ ಸನ್ನೆಯನ್ನು ದೊಡ್ಡದಾಗಿ, ನಿಧಾನವಾಗಿ, ಮೂರು ನಾಲ್ಕು ಸಲ ಮಾಡಿದರು. ಕೈಯ ಚಲನೆ ಕಂಡು ಪುಟ್ಟಿಯ ಕಣ್ಣು ಕೈಗೆ ಬಂತು, ಕೈಯಿಂದ ಮುಖಕ್ಕೆ ಏರಿತು. ಅಕ್ಕನ ಮುಖ ಅರಳಿತು. ಪುಟ್ಟಿ ಕಾಲು ಬಡಿದಳು. ಅಕ್ಕ ತಡೆದರು, ಕಣ್ಣಗಲಿಸಿ ಕಾದರು. ಪುಟ್ಟಿ ಮತ್ತೆ ಕಾಲು ಬಡಿದಳು. ಆಗ ಚೆಂಡು ಉರುಳಿ ಅವಳ ಬಳಿಗೆ ಬಂತು.

ಇದು ಇಪ್ಪತ್ತು ಸೆಕೆಂಡಿನ ಆಟವಿರಬಹುದು. ತಾಯಿ ಆ ತುಣುಕನ್ನು ಹಿಂದೆ ಮುಂದೆ ಓಡಿಸಿ ಮತ್ತೆ ಮತ್ತೆ ನೋಡಿದರು. ಅವರ ಗಮನ ಹರಿದದ್ದು ಸನ್ನೆಯ ಕಡೆಗಲ್ಲ, ಕಾಯುವಿಕೆಯ ಕಡೆಗೆ. "ಅಕ್ಕ ಎಷ್ಟು ಹೊತ್ತು ಸುಮ್ಮನಿದ್ದರು! ನಾನಾಗಿದ್ದರೆ ಅಷ್ಟರಲ್ಲಿ ಐದು ಸಲ ಕರೆಯುತ್ತಿದ್ದೆ" ಎಂದರು. ಅಲ್ಲಿಂದ ಮುಂದೆ ನಾನು ಕಲಿಸಬೇಕಾದದ್ದು ಬಹಳ ಉಳಿಯಲಿಲ್ಲ. ಮೊದಲು ನೋಟ, ಆಮೇಲೆ ಭಾಷೆ, ಆಮೇಲೆ ವಿರಾಮ. ಕರೆಯಬೇಕಾದರೆ ಹೆಗಲನ್ನು ಮೆಲ್ಲಗೆ ತಟ್ಟುವುದು. ಗಲ್ಲ ಹಿಡಿದು ತಿರುಗಿಸುವುದು ಬೇಡ. ಹೇಳುವವರ ಮುಖಕ್ಕೆ ಬೆಳಕು ಬೀಳುವಂತೆ ಕೂರುವುದು, ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಮುಖ ನೆರಳಾಗುತ್ತದೆ. ಮಾತನಾಡುವಾಗ ಹತ್ತಿರವಿರುವುದು, ಏಕೆಂದರೆ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ, ಶ್ರವಣ ಸಾಧನ ಆ ನಷ್ಟವನ್ನು ಪೂರ್ತಿ ತುಂಬಿಕೊಡಲಾರದು. ಟಿವಿ ಆರಿಸುವುದು. ಸಾಧನ ತೊಟ್ಟಿರುವಾಗ ಹಾಡು, ಮಾತು ಎಲ್ಲ ಮೊದಲಿನಂತೆಯೇ ನಡೆಯಬೇಕು. ಮಗುವಿಗೆ ಅರ್ಧಂಬರ್ಧ ಕೇಳಿದರೂ ಅದು ಕೇಳುವ ಮಿದುಳಿಗೆ ಆಹಾರ. ತಾಯಿ ಮತ್ತೆ ಹಾಡತೊಡಗಿದರು. ಎಂಟನೆಯ ತಿಂಗಳ ಚಿತ್ರಗಳಲ್ಲಿ ತಾಯಿ ದನಿ ನಿಲ್ಲಿಸಿದಾಗ ಪುಟ್ಟಿ ದನಿ ತೆಗೆಯುತ್ತಾಳೆ, ಅವಳು ನಿಲ್ಲಿಸಿದಾಗ ತಾಯಿ ತೆಗೆಯುತ್ತಾರೆ.

ಕೈಯ ತೊದಲು

ಸನ್ನೆ ಭಾಷೆ ತರುವ ಬಗ್ಗೆ ತಂದೆಗೆ ಸಮಾಧಾನವಿರಲಿಲ್ಲ. ಕೈಯಲ್ಲೇ ಕೆಲಸ ಆಗಿಬಿಟ್ಟರೆ ಬಾಯಿ ಏಕೆ ತೆರೆಯುತ್ತಾಳೆ ಎಂಬುದು ಅವರ ಅಂಜಿಕೆ. ಇದು ತೀರಾ ಸಹಜವಾದ ಅಂಜಿಕೆ, ಆದರೆ ಸನ್ನೆ ಕಲಿತ ಕಾರಣಕ್ಕೆ ಮಾತು ಕುಂಠಿತವಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಸನ್ನೆ ಭಾಷೆಗಳಿಗೆ ತಮ್ಮದೇ ವ್ಯಾಕರಣವಿದೆ ಎಂಬುದನ್ನು ವಿಲಿಯಂ ಸ್ಟೋಕೋ ಅವರು 1960ರಷ್ಟು ಹಿಂದೆಯೇ ಅಮೆರಿಕನ್ ಸನ್ನೆ ಭಾಷೆಯ ವಿಶ್ಲೇಷಣೆಯಿಂದ ತೋರಿಸಿಕೊಟ್ಟಿದ್ದರು. 1991ರಲ್ಲಿ ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮರೆಂಟೆಟ್ ಅವರು, ಸನ್ನೆ ಭಾಷೆಯ ಮನೆಗಳಲ್ಲಿ ಬೆಳೆಯುವ ಕಿವುಡ ಶಿಶುಗಳು ಬಾಯಲ್ಲಿ ಬಾಬಾಬಾ ಎನ್ನುವ ಮಕ್ಕಳಂತೆಯೇ ಕೈಗಳಲ್ಲಿ ತೊದಲುತ್ತವೆ ಎಂದು ದಾಖಲಿಸಿದರು. ಮಿದುಳು ಭಾಷೆಗೆ ಹಾತೊರೆಯುತ್ತದೆ. ಅದು ಯಾವ ಬಾಗಿಲಿನಿಂದ ಬಂತೆಂದು ತಕರಾರು ಮಾಡುವುದಿಲ್ಲ.

ಆ ತೊದಲನ್ನು ಗುರುತಿಸಲು ಕಣ್ಣು ಬೇಕು. ಹತ್ತನೆಯ ತಿಂಗಳಲ್ಲಿ ಪುಟ್ಟಿ ಆಗಾಗ ಕೈ ಮೇಲೆತ್ತಿ ಮುಷ್ಟಿ ಬಿಚ್ಚುವುದು, ಮುಚ್ಚುವುದು ಮಾಡುತ್ತಿದ್ದಳು. ಮನೆಯವರು ಅದನ್ನು ಕೈ ಬೀಸುವ ಆಟ ಎಂದುಕೊಂಡಿದ್ದರು. ಒಂದು ಸಂಜೆ ಅಕ್ಕ ಬಂದಿದ್ದಾಗ ಪುಟ್ಟಿ ಹಾಗೆ ಮಾಡಿದಳು. ಅಕ್ಕ ತಕ್ಷಣ ತಲೆಯೆತ್ತಿ ಚಾವಣಿಯ ದೀಪ ನೋಡಿದರು, ಎದ್ದು ಹೋಗಿ ಸ್ವಿಚ್ ಹಾಕಿದರು. ದೀಪಕ್ಕೆ ಅವರು ಕಲಿಸಿದ್ದ ಸನ್ನೆಯಲ್ಲಿ ಬೆರಳ ತುದಿಗಳನ್ನು ಕೂಡಿಸಿ, ಮೇಲಿನಿಂದ ಬಿಡಿಸಬೇಕು. ಎಳೆಯ ಬೆರಳುಗಳಿಗೆ ಅಷ್ಟು ನಾಜೂಕು ಬರುವುದಿಲ್ಲ, ಆದ್ದರಿಂದ ಇಡೀ ಮುಷ್ಟಿಯೇ ತೆರೆದುಕೊಳ್ಳುತ್ತಿತ್ತು. ಪುಟ್ಟಿ ಹಲವು ದಿನಗಳಿಂದ ದೀಪ, ದೀಪ ಎನ್ನುತ್ತಲೇ ಇದ್ದಳು. ತನ್ನ ಮಾತು ಅರ್ಥವಾಯಿತೆಂದು ಗೊತ್ತಾದ ಆ ಸಂಜೆ ಎಷ್ಟು ಸಲ ದೀಪ ಹಾಕಿಸಿ ಆರಿಸಿದಳೋ! ಮರುದಿನ ತಂದೆ ಫೋನ್ ಮಾಡಿ, ದೀಪದ ಜೊತೆಗೆ ಇನ್ನು ಯಾವ ಸನ್ನೆಗಳನ್ನು ಮೊದಲು ಕಲಿಯಬೇಕು ಎಂದು ಕೇಳಿದರು.

ಪಟ್ಟಿಯನ್ನು ಪುಟ್ಟಿಯ ಕಣ್ಣುಗಳೇ ಮಾಡಿಕೊಟ್ಟವು. ಅವಳು ಯಾವುದನ್ನು ದಿಟ್ಟಿಸುತ್ತಾಳೋ, ಯಾವುದಕ್ಕೆ ಕೈ ಚಾಚುತ್ತಾಳೋ ಅದರ ಸನ್ನೆಯನ್ನು ಅಂದೇ ಕಲಿಯುವುದು. ಇನ್ನೂ ಬೇಕು, ಸಾಕು, ಹೋಯಿತು, ಎತ್ತಿಕೋ, ನೀರು, ಅಜ್ಜಿ. ಬಣ್ಣಗಳು, ಪ್ರಾಣಿಗಳು, ಅಂಕಿಗಳು ಎಂದು ಪುಸ್ತಕದ ಕ್ರಮದಲ್ಲಿ ಕಲಿಸುವುದು ದೊಡ್ಡವರ ಸಮಾಧಾನಕ್ಕಷ್ಟೇ. ಒಂದು ವರ್ಷದ ಮಗುವಿಗೆ ಅದರಿಂದ ಮಾಡಿಸಿಕೊಳ್ಳುವ ಕೆಲಸವೇನೂ ಇರುವುದಿಲ್ಲ.

ಕಿವಿ ಮುಚ್ಚಿಕೊಂಡ ತಿಂಗಳು

ಹನ್ನೊಂದನೆಯ ತಿಂಗಳಲ್ಲಿ ಜೋರು ನೆಗಡಿ. ಅದಕ್ಕೂ ಮೊದಲು ಪುಟ್ಟಿ ಸಾಧನ ತೊಟ್ಟಾಗ ಆ, ಊ, ಮ್ ಎಂಬ ದನಿಗಳಿಗೆ ತಿರುಗುತ್ತಿದ್ದಳು. ಡೇನಿಯಲ್ ಲಿಂಗ್ ಅವರು ರೂಪಿಸಿದ ಆರು ದನಿಗಳ ಪರೀಕ್ಷೆಯನ್ನು ತಾಯಿ ದಿನವೂ ಮಾಡುತ್ತಿದ್ದರು. ಆ, ಊ, ಈ, ಮ್, ಶ್, ಸ್ ಎಂಬ ಆರು ದನಿಗಳು ಮಾತಿನ ತಗ್ಗಿನ ಕಂಪನಾಂಕದಿಂದ ಎತ್ತರದ ಕಂಪನಾಂಕದವರೆಗೆ ಹರಡಿವೆ, ಆದ್ದರಿಂದ ಯಾವ ಭಾಗ ಕೇಳುತ್ತಿದೆ ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ನೆಗಡಿಯ ನಂತರ ಯಾವುದಕ್ಕೂ ತಿರುಗದಾದಳು. ತಾಯಿಯ ಎದೆ ಧಸಕ್ಕೆಂದಿತು. ಇದ್ದ ಅಲ್ಪಸ್ವಲ್ಪ ಕೇಳುವಿಕೆಯೂ ಹೋಯಿತೆಂದು ಅಳುತ್ತಲೇ ಬಂದರು. ಪರೀಕ್ಷೆಯಲ್ಲಿ ಎರಡೂ ಮಧ್ಯಕಿವಿಗಳಲ್ಲಿ ದ್ರವ ತುಂಬಿರುವುದು ಕಂಡಿತು. ಮಕ್ಕಳಲ್ಲಿ ಇದು ಸಾಮಾನ್ಯ, ಹೆಚ್ಚಿನ ಸಲ ತಾನಾಗಿಯೇ ಇಳಿಯುತ್ತದೆ, ಆದರೆ ಮೊದಲೇ ಕುಗ್ಗಿರುವ ಕೇಳುವಿಕೆಯ ಮೇಲೆ ಇನ್ನೊಂದು ಹೊರೆ ಬಿದ್ದಂತೆ.

ಆ ವಾರಗಳು ಈ ಪ್ರಕರಣದ ತಿರುವು ಎಂದು ನಾನು ಭಾವಿಸುತ್ತೇನೆ. ಸದ್ದಿನ ದಾರಿ ಬಹುಮಟ್ಟಿಗೆ ಮುಚ್ಚಿತ್ತು, ಆದರೂ ಪುಟ್ಟಿ ಹೊಸ ಸನ್ನೆಗಳನ್ನು ಕಲಿಯುತ್ತಲೇ ಇದ್ದಳು. ಬೆರಳು ತೋರಿಸಿ ಅಮ್ಮನ ಮುಖ ನೋಡುವುದು, ಅಂದರೆ ನಾನು ನೋಡಿದ್ದನ್ನು ನೀನೂ ನೋಡು ಎಂಬ ಅತಿ ಮುಖ್ಯ ಹೆಜ್ಜೆಯನ್ನು ಆ ತಿಂಗಳಲ್ಲೇ ಇಟ್ಟಳು. ಭಾಷೆಗೆ ಎರಡು ದಾರಿಗಳಿದ್ದುದರಿಂದ ಒಂದು ಮುಚ್ಚಿದಾಗ ಅವಳು ಕಾಯುತ್ತಾ ಕೂರಬೇಕಾಗಲಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಪೂರ್ಣವಾದ ಯಾವ ಭಾಷೆಯೂ ದಕ್ಕದ ಮಕ್ಕಳನ್ನು ನಾನು ಕಂಡಿದ್ದೇನೆ. ಸಾಧನ ಬರಲಿ, ಶಸ್ತ್ರಚಿಕಿತ್ಸೆ ಆಗಲಿ, ಆಮೇಲೆ ನೋಡೋಣ ಎಂದು ಮನೆಯವರಿಗೆ ಯಾರೋ ಹೇಳಿರುತ್ತಾರೆ. ಕಿವಿಯ ಚಿಕಿತ್ಸೆಗೆ ದಿನ ಗೊತ್ತುಮಾಡಬಹುದು; ಮಿದುಳು ಭಾಷೆಯನ್ನು ಅತ್ಯಂತ ಸುಲಭವಾಗಿ ಹೀರಿಕೊಳ್ಳುವ ಆ ಕಾಲ ಯಾರ ದಿನಾಂಕಕ್ಕೂ ನಿಲ್ಲುವುದಿಲ್ಲ. ಈ ಪ್ರಕರಣವನ್ನು ಬರೆದಿಡುವ ಉದ್ದೇಶವೇ ಇದು.

ಇಂಪ್ಲಾಂಟ್ ಮತ್ತು ಒಂದು ಭಿನ್ನಾಭಿಪ್ರಾಯ

ದ್ರವ ಇಳಿದ ಮೇಲೆ ಹನ್ನೆರಡನೆಯ ತಿಂಗಳಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಈ ಸಲ ಎಚ್ಚರದಲ್ಲೇ: ಸದ್ದು ಬಂದ ಕಡೆಗೆ ಮಗು ತಿರುಗಿದರೆ ಅಲ್ಲೊಂದು ಗೊಂಬೆ ಬೆಳಗಿ ಕುಣಿಯುತ್ತದೆ. ಎಡಗಿವಿಯ ಮಿತಿ 95 ಡೆಸಿಬೆಲ್‌ಗೆ ಏರಿತ್ತು, ಎಂದರೆ ಕೇಳುವಿಕೆ ಇನ್ನಷ್ಟು ಕುಸಿದಿತ್ತು. ಎಷ್ಟೇ ಹೊಂದಿಸಿದರೂ ಶ್, ಸ್ ದನಿಗಳು ಸಾಧನದಿಂದ ದಕ್ಕುತ್ತಿರಲಿಲ್ಲ. ಸಾಕು, ಹಾಕು ಎರಡೂ ಅವಳ ಕಿವಿಗೆ ಒಂದೇ. ತಜ್ಞರ ತಂಡ ಎಡಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಕೂರಿಸುವ ಸಾಧನ, ಸೂಚಿಸಿತು. ಸ್ಕ್ಯಾನ್‌ನಲ್ಲಿ ಒಳಕಿವಿಯ ರಚನೆಯೂ ಶ್ರವಣ ನರವೂ ಸರಿಯಿದ್ದವು. ಕನೆಕ್ಸಿನ್ 26ರ ಕಾರಣದ ದೋಷದಲ್ಲಿ ಹಾನಿಯಾಗುವುದು ಒಳಕಿವಿಯ ಸುರುಳಿಯಾದ ಕಾಕ್ಲಿಯಾದ ಒಳಗೆ, ನರ ಸಾಮಾನ್ಯವಾಗಿ ಸುಸ್ಥಿತಿಯಲ್ಲೇ ಇರುತ್ತದೆ. ನರವನ್ನು ನೇರವಾಗಿ ಪ್ರಚೋದಿಸುವ ಇಂಪ್ಲಾಂಟಿಗೆ ಇದು ಒಳ್ಳೆಯ ಲಕ್ಷಣ. ಮಿದುಳುಪೊರೆಯ ಸೋಂಕಿನ ವಿರುದ್ಧ ಬೇಕಾದ ಲಸಿಕೆಗಳನ್ನು ಮೊದಲೇ ಹಾಕಿಸಿ, 14ನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿದರು.

ಗಾಯ ಮಾಗಿದ ಮೇಲೆ ಹೊರಗಿನ ಯಂತ್ರ ಜೋಡಿಸಿ ಮೊದಲ ಸಲ ಚಾಲೂ ಮಾಡುವ ದಿನದ ಬಗ್ಗೆ ಎಲ್ಲರಲ್ಲೂ ದೊಡ್ಡ ನಿರೀಕ್ಷೆಯಿರುತ್ತದೆ. ಮಗು ನಕ್ಕು ಅಮ್ಮನ ಕಡೆ ತಿರುಗುವ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ಪುಟ್ಟಿ ಅತ್ತಳು, ಆಮೇಲೆ ಯಂತ್ರವನ್ನು ಕಿತ್ತಳು. ಅದು ತೀರಾ ಸಾಮಾನ್ಯ. ಅವಳಿಗೆ ಬಂದದ್ದು ಇದುವರೆಗೆ ಪರಿಚಯವೇ ಇಲ್ಲದ ಸಂವೇದನೆ. ಅದಕ್ಕೆ ಅರ್ಥ ಕೂಡಿಬರಲು ತಿಂಗಳುಗಳು ಬೇಕು. ಆ ದಿನದಿಂದ ಕೇಳುವಿಕೆಯ ವಯಸ್ಸನ್ನು ಹೊಸದಾಗಿ ಎಣಿಸುತ್ತೇವೆ.

ಇಲ್ಲಿ ಒಂದು ಗಂಭೀರವಾದ ಭಿನ್ನಾಭಿಪ್ರಾಯ ಎದುರಾಯಿತು. ಇಂಪ್ಲಾಂಟ್ ಆದ ಮೇಲೆ ಸನ್ನೆ ನಿಲ್ಲಿಸಿ, ಕೇಳುವುದಕ್ಕೆ ಮಾತ್ರ ಒತ್ತು ಕೊಡಿ ಎಂದು ನಾನು ಗೌರವಿಸುವ ಒಬ್ಬ ಸಹೋದ್ಯೋಗಿ ಮನೆಯವರಿಗೆ ಸಲಹೆ ಕೊಟ್ಟರು. ಅವರ ತರ್ಕದಲ್ಲಿ ಒಂದು ಸತ್ಯವಿದೆ. ಕಣ್ಣಿಗೆ ಎಲ್ಲವೂ ಸಿಗುವ ಮಗು ಹೊಸ ಸದ್ದಿಗೆ ಗಮನ ಕೊಡಲು ಸೋಮಾರಿಯಾಗಬಹುದು, ಆದ್ದರಿಂದ ಕಿವಿಗೆ ಮೀಸಲಾದ ಹೊತ್ತನ್ನು ಬೇಕೆಂದೇ ಸೃಷ್ಟಿಸಬೇಕು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪುಟ್ಟಿಯ ದಿನಚರಿಯಲ್ಲಿ ಅಂಥ ಹೊತ್ತುಗಳನ್ನು ಜೋಡಿಸಿದೆವು: ಹಾಡಿನ ಆಟ, ಹೆಸರು ಕರೆದು ತುಸು ಕಾದು ಆಮೇಲೆ ಕಾಣಿಸಿಕೊಳ್ಳುವ ಆಟ, ಮೊದಲು ದನಿ ಕೇಳಿಸಿ ನಂತರ ಗೊಂಬೆ ತೋರಿಸುವ ಆಟ. ಆದರೆ ಅವಳಿಗಾಗಲೇ ಇದ್ದ ಭಾಷೆಯನ್ನು ಕಿತ್ತುಕೊಳ್ಳುವ ಸಲಹೆಯನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸ್ನಾನ ಮಾಡುವಾಗ, ಮಲಗುವಾಗ ಯಂತ್ರ ಹೊರಗಿರುತ್ತದೆ. ಬ್ಯಾಟರಿ ಮುಗಿಯುತ್ತದೆ, ತಂತಿ ಕೆಡುತ್ತದೆ. ನಡುರಾತ್ರಿ ಹೆದರಿ ಎದ್ದ ಮಗುವಿಗೆ ಇದ್ದೇನೆ ಎಂದು ಹೇಳಬೇಕಾದದ್ದು ಆ ಗಳಿಗೆಯಲ್ಲೇ. ಇಂಪ್ಲಾಂಟ್ ಆದ ಎಲ್ಲ ಮಕ್ಕಳಿಗೂ ಮಾತು ಒಂದೇ ಮಟ್ಟಕ್ಕೆ ಬರುವುದಿಲ್ಲ, ಯಾರಿಗೆ ಎಷ್ಟು ಬರುತ್ತದೆಂದು ಮೊದಲೇ ಹೇಳಲೂ ಆಗುವುದಿಲ್ಲ. ಹೀಗಿರುವಾಗ ಮಗುವಿನ ಭಾಷೆಯೆಲ್ಲವನ್ನೂ ಒಂದೇ ಯಂತ್ರದ ಮೇಲೆ ಪಣ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಕಡೆಯ ಮಾತನ್ನು ಕೇಳಿ ತಾಯಿಯೇ ತೀರ್ಮಾನ ಹೇಳಿದರು: "ಅವಳು ನನಗೆ ಕೈಯಲ್ಲಿ ಹೇಳಿದಾಗ ನಾನು ನೋಡದವಳಂತೆ ಇರಲಾರೆ."

ಎರಡು ವರ್ಷದ ಹೊತ್ತಿಗೆ

ಹದಿನೆಂಟನೆಯ ತಿಂಗಳ ಸುಮಾರಿಗೆ ಬಾಬಾ, ಮಾಮಾ ಎಂಬ ಸ್ಪಷ್ಟವಾದ ತೊದಲು ಹೆಚ್ಚಾಯಿತು. ಮೊದಲ ಮಾತುಗಳು ಬಂದದ್ದು ಅವಳು ಆಗಲೇ ಸನ್ನೆಯಲ್ಲಿ ಬಲ್ಲ ಪದಗಳಿಗೇ. ಅಜ್ಜಿ, ಬಾ, ನೀರು. ಅರ್ಥ ಮೊದಲೇ ತಲೆಯಲ್ಲಿದ್ದುದರಿಂದ ಹೊಸ ಸದ್ದು ಅದಕ್ಕೆ ಅಂಟಿಕೊಂಡರೆ ಸಾಕಾಗಿತ್ತು. ಇಪ್ಪತ್ತನಾಲ್ಕನೆಯ ತಿಂಗಳ ಮೌಲ್ಯಮಾಪನದಲ್ಲಿ ಸುಮಾರು 90 ಸನ್ನೆಗಳು, 35 ಮಾತುಗಳು ದಾಖಲಾದವು. ಎರಡರಲ್ಲೂ ಇರುವ ಪದಗಳನ್ನು ಒಂದೇ ಎಂದು ಎಣಿಸಿದರೂ ನೂರಕ್ಕೆ ಸಮೀಪದ ಪದಸಂಪತ್ತು. ಎರಡು ಪದಗಳ ಜೋಡಣೆ ಶುರುವಾಗಿದೆ. ಅಪ್ಪ ಎಂದು ಬಾಯಲ್ಲಿ ಹೇಳಿ ಹೋದರು ಎಂದು ಕೈಯಲ್ಲಿ ಮುಗಿಸುತ್ತಾಳೆ. ಗೊಂಬೆಯನ್ನು ಮಲಗಿಸಿ ಅದರ ಕಣ್ಣ ಮುಂದೆ ಸನ್ನೆ ಮಾಡುತ್ತಾಳೆ, ಅದು ನೋಡುವಂತೆ ಮೊದಲು ಅದರ ಹೆಗಲು ತಟ್ಟುತ್ತಾಳೆ.

ಉಳಿದಿರುವ ಕೆಲಸ ಸಣ್ಣದೇನಲ್ಲ. ಗದ್ದಲವಿರುವಲ್ಲಿ ಅವಳ ಕೇಳುವಿಕೆ ಥಟ್ಟನೆ ಇಳಿಯುತ್ತದೆ. ತಂದೆಯ ಸನ್ನೆಗಳು ಇನ್ನೂ ಬಿಡಿ ಪದಗಳಲ್ಲೇ ಇವೆ, ಆದ್ದರಿಂದ ಅವಳು ಹೇಳಬೇಕಾದ ಉದ್ದದ ವಿಷಯವನ್ನೆಲ್ಲ ತಾಯಿಗೇ ಕಾದಿರಿಸುತ್ತಾಳೆ. ಸಂಜೆಯ ಅರ್ಧ ಗಂಟೆಯನ್ನು ತಂದೆ ಮಗಳಿಗೆಂದೇ ಬಿಟ್ಟು, ಅಕ್ಕನ ಭೇಟಿಗಳನ್ನು ಆ ಹೊತ್ತಿಗೆ ಬದಲಿಸಿದ್ದೇವೆ. ಕಿವುಡ ಮಕ್ಕಳ ಒಂದು ಆಟದ ಗುಂಪಿಗೆ ಸೇರಿಸುವ ಮಾತು ನಡೆದಿದೆ. ಕಣ್ಣಿನ ತಪಾಸಣೆ ಪ್ರತಿ ವರ್ಷ ಆಗಬೇಕೆಂದು ಬರೆದುಕೊಟ್ಟಿದ್ದೇನೆ, ಇಷ್ಟು ಕೆಲಸ ಮಾಡುವ ಕಣ್ಣುಗಳ ಬಗ್ಗೆ ಉದಾಸೀನ ಸಲ್ಲದು. ಬಲಗಿವಿಗೂ ಇಂಪ್ಲಾಂಟ್ ಬೇಕೇ, ಅಥವಾ ಅಲ್ಲಿ ಶ್ರವಣ ಸಾಧನವೇ ಮುಂದುವರಿಯಲೇ ಎಂಬುದನ್ನು ಮೂರು ತಿಂಗಳ ನಂತರದ ಪರೀಕ್ಷೆಯ ಮೇಲೆ ತೀರ್ಮಾನಿಸುತ್ತಾರೆ.